ಹಾಡೇ ಔಷಧವಾದ ಗವಾಯಿ: ಮಿರಜದ ಅಬ್ದುಲ್ ಕರೀಂ ಖಾನ್ ಸಾಹೇಬರು

ಅಥಣಿ, ಕಾಗವಾಡ, ರಾಯಬಾಗ ಕಡೆಯ ಮಂದಿಗೆ ಮಿರಜ ಅಂದರೆ ಮೊದಲು ನೆನಪಾಗೋದು ದವಾಖಾನಿ. ಕುಡಚಿ, ಉಗಾರ, ಶೇಡಬಾಳ ಸ್ಟೇಷನ್‌ನಲ್ಲಿ ರೈಲು ಹತ್ತಿ, ಕೈಯಾಗ ರಿಪೋರ್ಟಿನ ಚೀಲ ಹಿಡಿದು ಹೋಗುವವರು ಇವತ್ತಿಗೂ ಇದ್ದಾರೆ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಅದೇ ಊರಿನ ದರ್ಗಾದ ಮುಂದೆ ಕುಳಿತು ಹಾಡಿ ಒಬ್ಬ ಗವಾಯಿ ಗುಣವಾದರು ಎಂಬ ಮಾತೂ ತಲೆಮಾರುಗಳಿಂದ ಬಂದಿದೆ. ಅವರೇ ಉಸ್ತಾದ್ ಅಬ್ದುಲ್ ಕರೀಂ ಖಾನ್.

ಖಾನ್ ಸಾಹೇಬರು ಹುಟ್ಟಿದ್ದು 1872ರ ನವೆಂಬರ್ 11ರಂದು, ದೂರದ ಉತ್ತರ ಪ್ರದೇಶದ ಕೈರಾನಾ ಎಂಬ ಊರಲ್ಲಿ. ಕಿರಾಣಾ ಘರಾಣೆಗೆ ಹೆಸರು ಬಂದಿದ್ದೂ ಆ ಊರಿನಿಂದಲೇ. ಹರೆಯದಲ್ಲಿ ಬಡೋದಾ ಸಂಸ್ಥಾನದಲ್ಲಿ ಆಸ್ಥಾನ ಗವಾಯಿಯಾಗಿದ್ದರು. ಅಲ್ಲಿ ತಾರಾಬಾಯಿ ಮಾನೆಯವರನ್ನು ಮದುವೆಯಾಗಿ, ಆ ಊರು ಬಿಟ್ಟು ಮುಂಬೈ ಕಡೆ ಬಂದರು.

ಆಗ ಪ್ಲೇಗಿನ ಕಾಲ. 1896ರಲ್ಲಿ ಮುಂಬೈಗೆ ಬಂದ ಬ್ಯಾನಿ ಬೆಳಗಾವಿ, ಹುಬ್ಬಳ್ಳಿ ಕಡೆಗೂ ಹಬ್ಬಿತು. ಮಂದಿ ಊರು ಬಿಟ್ಟು ಹೊಲದಾಗ ಗುಡಿಸಲು ಹಾಕಿಕೊಂಡು ಇರಬೇಕಾಯಿತು. ಮಿರಜಕ್ಕೆ ಹಾಡಲು ಬಂದ ಖಾನ್ ಸಾಹೇಬರಿಗೂ ಪ್ಲೇಗ್ ತಗಲಿತು. ಬದುಕುವ ಆಸೆ ಇಲ್ಲದಾಗ ಮನೆಯವರ ಮಾತಿನಂತೆ ಖ್ವಾಜಾ ಶಂಸುದ್ದೀನ್ ಮೀರಾಸಾಹೇಬರ ದರ್ಗಾಕ್ಕೆ ಹೋಗಿ, ಅಲ್ಲೇ ಕುಳಿತು ಹಾಡಿದರು, ಆಮೇಲೆ ಚೇತರಿಸಿಕೊಂಡರು ಎಂಬುದು ಪ್ರತೀತಿ. ಜ್ವರ ಇಳಿದದ್ದು ಹಾಡಿನಿಂದಲೋ, ದೇಹದ ಶಕ್ತಿಯಿಂದಲೋ, ಯಾರೂ ಅಳೆದು ನೋಡಿಲ್ಲ. ಖಾನ್ ಸಾಹೇಬರು ಮಾತ್ರ ಆ ಋಣ ಮರೆಯಲಿಲ್ಲ. ಮುಂದೆ ಮಿರಜದಲ್ಲೇ ಮನೆ ಮಾಡಿದರು. ಪ್ರತಿ ವರ್ಷ ಉರುಸಿನಲ್ಲಿ ದರ್ಗಾದ ಮುಂದೆ ಹಾಡಿದರು.

ಅವರ ದನಿ ದೊಡ್ಡದಲ್ಲ. ಸಣ್ಣಗೆ, ಎಳೆಯಾಗಿ ಇತ್ತು. ಗುಡುಗಿನಂತೆ ಹಾಡುವವರ ಆ ಕಾಲದಲ್ಲಿ ಇದು ಕೊರತೆಯೇ. ಆದರೆ ಅವರು ತಂಬೂರಿಯ ಶ್ರುತಿ ಸರಿಯಾಗುವ ತನಕ ಹಾಡಲು ಬಾಯಿ ತೆರೆಯುತ್ತಿರಲಿಲ್ಲ. ಆಮೇಲೆ ಒಂದೊಂದೇ ಸ್ವರವನ್ನು ಉದ್ದಕ್ಕೆ ಎಳೆದು, ನಿಧಾನವಾಗಿ ಮೇಲೇರುತ್ತಿದ್ದರು. ಕೇಳುತ್ತ ಕುಳಿತವರ ಉಸಿರೂ ಅದರ ಜೋಡಿ ನಿಧಾನವಾಗುತ್ತಿತ್ತು. ವಾದ್ಯ ಕೆಟ್ಟರೆ ಅವರೇ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ತಂಬೂರಿ, ಸಿತಾರ ತಯಾರಿಸುವ ಮಿರಜಕ್ಕೆ ತಕ್ಕ ಗವಾಯಿ ಅವರು.

ಕನ್ನಡ ನಾಡಿನ ಜೋಡಿ ಅವರ ನಂಟು ಗಟ್ಟಿ. ಮೈಸೂರು ಅರಮನೆಯಲ್ಲಿ ಹಾಡಿ ಸಂಗೀತ ರತ್ನ ಬಿರುದು ಪಡೆದರು. ಧಾರವಾಡದಲ್ಲಿ ಉಳಿಯುತ್ತಿದ್ದರು. ಕುಂದಗೋಳದ ರಾಮಭಾವು ಅವರ ಕೈಯಲ್ಲಿ ಕಲಿತು ಸವಾಯಿ ಗಂಧರ್ವರಾದರು. ಕರ್ನಾಟಕ ಸಂಗೀತದ ಸ್ವರ ಹಾಡುವ ರೀತಿಯನ್ನು ಖಾನ್ ಸಾಹೇಬರು ತಾವೂ ಕಲಿತು, ತ್ಯಾಗರಾಜರ ಕೃತಿಯನ್ನು ರೆಕಾರ್ಡಿಗೆ ಹಾಡಿದರು. ಗದಗಿನ ಅಂಗಡಿಯೊಂದರಲ್ಲಿ ಅವರ ರೆಕಾರ್ಡು ಕೇಳಿದ ಹುಡುಗನೊಬ್ಬ ಹಾಡು ಕಲಿಯಲಿಕ್ಕೆ ಮನೆ ಬಿಟ್ಟು ಓಡಿದ. ಮುಂದೆ ಭೀಮಸೇನ ಜೋಶಿ ಎಂದು ದೇಶವೇ ಅವನನ್ನು ಕೊಂಡಾಡಿತು.

ಹಾಡಿನಿಂದ ಎಲ್ಲ ನೋವೂ ವಾಸಿಯಾಗಲಿಲ್ಲ. 1913ರಲ್ಲಿ ಪುಣೆಯಲ್ಲಿ ಅವರು ಕಟ್ಟಿದ ಆರ್ಯ ಸಂಗೀತ ವಿದ್ಯಾಲಯ ಉಳಿಯಲಿಲ್ಲ. 1922ರಲ್ಲಿ ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಹೀರಾಬಾಯಿ ಬಡೋದೆಕರ, ಸುರೇಶಬಾಬು ಮಾನೆ, ಸರಸ್ವತಿ ರಾಣೆ ಅವರ ಮಕ್ಕಳೇ. ತಂದೆಯ ಹೆಸರು ಹಚ್ಚಿಕೊಳ್ಳದೆ ದೊಡ್ಡ ಕಲಾವಿದರಾದರು. ಆಮೇಲೆ ಅವರ ಹಾಡಿನಲ್ಲಿ ಕರುಣೆ ಹೆಚ್ಚಾಯಿತು ಎಂದು ಬಲ್ಲವರು ಹೇಳುತ್ತಾರೆ.

1937ರ ಅಕ್ಟೋಬರ್‌ನಲ್ಲಿ ಮದ್ರಾಸಿನಲ್ಲಿ ಹಾಡಿ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆ ನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್‌ನಲ್ಲಿ ಇಳಿದು, ಪ್ಲಾಟ್‌ಫಾರ್ಮ್ ಮೇಲೆ ಹಾಸಿಗೆ ಹಾಸಿಸಿದರು. ನಮಾಜು ಮಾಡಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತಲೇ 27ರಂದು ಕಣ್ಣು ಮುಚ್ಚಿದರು. ದೇಹವನ್ನು ಮಿರಜಕ್ಕೆ ತಂದು ಅದೇ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು.

ಇವತ್ತು ಆಪರೇಷನ್ ಮುಂಚಿನ ಅಂಜಿಕೆ ಕಡಿಮೆ ಮಾಡಲು ವೈದ್ಯರೇ ಸಂಗೀತ ಕೇಳಿಸುತ್ತಾರೆ. ಪಾರ್ಶ್ವವಾಯು ಹೊಡೆದು ಮಾತು ನಿಂತ ಕೆಲವರಿಗೆ ಹಾಡಿಸುತ್ತ ಮಾತು ಕಲಿಸುವ ಪದ್ಧತಿಯೂ ಇದೆ. ಗುಳಿಗೆಯ ಬದಲಿಗೆ ಹಾಡು ಅಂತ ಯಾರೂ ಹೇಳೋದಿಲ್ಲ. ಗುಳಿಗೆಯ ಜೋಡಿ ಹಾಡು ಇದ್ದರೆ ರೋಗಿಗೆ ಧೈರ್ಯ ಅಷ್ಟೇ.

ಖಾನ್ ಸಾಹೇಬರ ನೆನಪಿಗೆ ಉರುಸಿನಲ್ಲಿ ಈಗಲೂ ದರ್ಗಾದಲ್ಲಿ ಸಂಗೀತ ಸಭೆ ನಡೆಯುತ್ತದೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅಲ್ಲಿ ಹಾಡಿ ಸೇವೆ ಸಲ್ಲಿಸಿದವರು. ಹಿಂದೂ, ಮುಸ್ಲಿಂ ಎನ್ನದೆ ಮಂದಿ ಬಂದು ಕೂಡುತ್ತಾರೆ. ದವಾಖಾನಿಗೆ ಮಿರಜಕ್ಕೆ ಹೋದವರು, ಡಾಕ್ಟರ ಪಾಳಿ ಬರೋದು ತಡ ಇದ್ದರೆ, ಒಮ್ಮೆ ಆ ಗವಾಯಿಯ ಗೋರಿಯನ್ನೂ ನೋಡಿ ಬರಬಹುದು.