ಬಿಲ್ ವಿಲ್ಸನ್

ವಿಲಿಯಂ ಗ್ರಿಫಿತ್ ವಿಲ್ಸನ್ (26 ನವೆಂಬರ್ 1895 – 24 ಜನವರಿ 1971) ಅಮೆರಿಕದವರು. ಕುಡಿತದಿಂದ ಬಿಡುಗಡೆ ಬಯಸುವವರ ಪರಸ್ಪರ ನೆರವಿನ ಕೂಟವಾದ 'ಆಲ್ಕೊಹಾಲಿಕ್ಸ್ ಅನಾನಿಮಸ್' (ಎ.ಎ.) ಸಂಸ್ಥೆಯ ಇಬ್ಬರು ಸ್ಥಾಪಕರಲ್ಲಿ ಒಬ್ಬರು. ಸ್ವತಃ ತೀವ್ರ ಮದ್ಯವ್ಯಸನಿಯಾಗಿದ್ದ ಇವರು 1934ರ ಡಿಸೆಂಬರ್‌ನಿಂದ ಕೊನೆಯುಸಿರಿನವರೆಗೆ, ಅಂದರೆ 36 ವರ್ಷಗಳ ಕಾಲ, ಮದ್ಯವರ್ಜಿತರಾಗಿ ಬಾಳಿದರು. ಹೆಸರನ್ನು ಪ್ರಕಟಿಸಬಾರದೆಂಬ ಸಂಸ್ಥೆಯ ನಿಯಮದಂತೆ, ಬದುಕಿದ್ದಾಗ 'ಬಿಲ್ ಡಬ್ಲ್ಯು.' ಎಂದೇ ಪರಿಚಿತರಾಗಿದ್ದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಲ್ಸನ್ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಗಿಲ್ಮನ್ ವಿಲ್ಸನ್, ತಾಯಿ ಎಮಿಲಿ ಗ್ರಿಫಿತ್. ಇವರು ಚಿಕ್ಕವರಿದ್ದಾಗಲೇ ತಂದೆತಾಯಿಗಳು ಬೇರ್ಪಟ್ಟರು. ತಂದೆ ಕೆನಡಾಕ್ಕೂ ತಾಯಿ ವ್ಯಾಸಂಗಕ್ಕಾಗಿ ಬಾಸ್ಟನ್‌ಗೂ ತೆರಳಿದ್ದರಿಂದ ವಿಲ್ಸನ್ ಮತ್ತು ಅವರ ತಂಗಿ ತಾಯಿಯ ತವರಿನಲ್ಲಿ, ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದರು. 1912ರಲ್ಲಿ ಅವರು ಪ್ರೀತಿಸುತ್ತಿದ್ದ ಬರ್ತಾ ಬ್ಯಾಮ್‌ಫೋರ್ಡ್ ಎಂಬ ತರುಣಿ ಶಸ್ತ್ರಚಿಕಿತ್ಸೆಯ ನಂತರ ಅಕಾಲ ಮರಣಕ್ಕೀಡಾದರು. ಆಗ ಕವಿದ ಖಿನ್ನತೆ ಮುಂದೆಯೂ ಅವರನ್ನು ಪದೇ ಪದೇ ಕಾಡಿತು. ನಾರ್ವಿಚ್ ವಿಶ್ವವಿದ್ಯಾಲಯದಲ್ಲಿ ಓದಿದ ಬಳಿಕ ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಅಧಿಕಾರಿಯಾಗಿ ಫ್ರಾನ್ಸ್‌ಗೆ ಹೋದರು. 24 ಜನವರಿ 1918ರಂದು ಲೋಯಿಸ್ ಬರ್ನ್‌ಹ್ಯಾಮ್ ಅವರನ್ನು ವಿವಾಹವಾದರು.

ಮದ್ಯವ್ಯಸನ

ಸಂಕೋಚದ ಸ್ವಭಾವದವರಾದ ವಿಲ್ಸನ್ ಮೊದಲ ಬಾರಿಗೆ ಮದ್ಯ ಸೇವಿಸಿದ್ದು 1917ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ ಸೈನಿಕ ಸೇವೆಯಲ್ಲಿದ್ದಾಗ. ಮದ್ಯವು ತಮ್ಮ ಅಳುಕನ್ನು ನೀಗಿಸುತ್ತದೆಂದು ಅವರಿಗೆ ಅನ್ನಿಸಿತು. ಯುದ್ಧದ ನಂತರ ಕಾನೂನು ಓದಿದರೂ ಪದವಿ ಪಡೆಯಲಿಲ್ಲ. ಷೇರು ವ್ಯವಹಾರದಲ್ಲಿ ತೊಡಗಿ, 1925ರಲ್ಲಿ ಪತ್ನಿಯೊಡನೆ ಮೋಟಾರ್ ಸೈಕಲ್‌ನಲ್ಲಿ ಸಂಚರಿಸಿ ಕಂಪನಿಗಳ ಸ್ಥಿತಿಗತಿಯನ್ನು ಅಧ್ಯಯನ ಮಾಡಿ ಹೆಸರು ಗಳಿಸಿದರು. ಆದರೆ ಕುಡಿತವೂ ಜೊತೆಯಲ್ಲೇ ಬೆಳೆಯಿತು. 1929ರ ಷೇರುಪೇಟೆ ಕುಸಿತದಲ್ಲಿ ಸಂಪತ್ತು ಕರಗಿಹೋಯಿತು. ದಂಪತಿಗಳು ಬ್ರೂಕ್ಲಿನ್‌ನಲ್ಲಿದ್ದ ಲೋಯಿಸ್‌ರ ತಂದೆಯ ಮನೆಗೆ ಬಂದು ನೆಲೆಸಿದರು. ಲೋಯಿಸ್ ಅಂಗಡಿಯೊಂದರಲ್ಲಿ ದುಡಿದು ಸಂಸಾರ ನಡೆಸಿದರು.

1933-34ರ ಅವಧಿಯಲ್ಲಿ ವಿಲ್ಸನ್ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ನಾಲ್ಕು ಬಾರಿ ದಾಖಲಾದರು. ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್ ಮದ್ಯವ್ಯಸನವನ್ನು ನೀತಿಗೇಡಿತನವೆಂದು ಹಳಿಯದೆ, ದೇಹ ಮತ್ತು ಮನಸ್ಸು ಎರಡನ್ನೂ ಹಿಡಿಯುವ ಕಾಯಿಲೆಯೆಂದು ವಿವರಿಸಿದರು. ರೋಗದ ಸ್ವರೂಪ ತಿಳಿದರೂ ವಿಲ್ಸನ್‌ಗೆ ಕುಡಿತ ಬಿಡಲಾಗಲಿಲ್ಲ.

1934ರ ನವೆಂಬರ್‌ನಲ್ಲಿ ಅವರ ಹಳೆಯ ಗೆಳೆಯ, ಕುಡಿತದ ಒಡನಾಡಿ ಎಬಿ ಥ್ಯಾಚರ್ ಮನೆಗೆ ಬಂದರು. ಥ್ಯಾಚರ್ ಆಗ 'ಆಕ್ಸ್‌ಫರ್ಡ್ ಗ್ರೂಪ್' ಎಂಬ ಕ್ರೈಸ್ತ ಬಳಗದ ನೆರವಿನಿಂದ ಕುಡಿತ ಬಿಟ್ಟಿದ್ದರು. ತನ್ನಂತೆಯೇ ಕುಡಿಯುತ್ತಿದ್ದವನೊಬ್ಬ ಅದನ್ನು ಬಿಟ್ಟು ಎದುರಿಗೆ ಕುಳಿತಿದ್ದುದು ವಿಲ್ಸನ್‌ರ ಮನಸ್ಸನ್ನು ತಟ್ಟಿತು. ಡಿಸೆಂಬರ್ 11ರಂದು ಕೊನೆಯ ಬಾರಿ ಕುಡಿದು ಆಸ್ಪತ್ರೆ ಸೇರಿದ ಅವರಿಗೆ ಅಲ್ಲಿ ಆಧ್ಯಾತ್ಮಿಕ ಅನುಭವವೊಂದು ಉಂಟಾಯಿತು. ಮುಂದೆ ಥ್ಯಾಚರ್ ಹಲವು ಬಾರಿ ಮತ್ತೆ ಕುಡಿತಕ್ಕೆ ಜಾರಿದರೂ, ವಿಲ್ಸನ್ ಕೊನೆಯವರೆಗೂ ಅವರನ್ನು ತಮ್ಮ ಮಾರ್ಗದರ್ಶಕರೆಂದೇ ಗೌರವಿಸಿದರು.

ಆಕ್ರನ್ ಭೇಟಿ ಮತ್ತು ಸಂಸ್ಥೆಯ ಸ್ಥಾಪನೆ

ನಂತರದ ಕೆಲವು ತಿಂಗಳು ವಿಲ್ಸನ್ ಅನೇಕ ವ್ಯಸನಿಗಳಿಗೆ ಉಪದೇಶ ಮಾಡಿದರು. ಅವರಲ್ಲಿ ಒಬ್ಬರೂ ಕುಡಿತ ಬಿಡಲಿಲ್ಲ, ಆದರೆ ವಿಲ್ಸನ್ ಮಾತ್ರ ಕುಡಿಯದೆ ಉಳಿದರು. 1935ರ ಮೇ ತಿಂಗಳಲ್ಲಿ ವ್ಯವಹಾರ ನಿಮಿತ್ತ ಓಹಾಯೋ ರಾಜ್ಯದ ಆಕ್ರನ್ ನಗರಕ್ಕೆ ಹೋದಾಗ ಆ ಕೆಲಸ ಕೈಗೂಡಲಿಲ್ಲ. ನಿರಾಶೆಯಿಂದ ಹೋಟೆಲಿನ ಪಡಸಾಲೆಯಲ್ಲಿ ನಿಂತಿದ್ದ ಅವರನ್ನು ಅಲ್ಲಿನ ಮದ್ಯದಂಗಡಿ ಸೆಳೆಯತೊಡಗಿತು. ತಾನು ಕುಡಿಯದಿರಬೇಕಾದರೆ ಇನ್ನೊಬ್ಬ ವ್ಯಸನಿಯೊಡನೆ ಮಾತನಾಡಲೇಬೇಕೆಂದು ಅರಿತು, ಅವರು ಪಾದ್ರಿಯೊಬ್ಬರಿಗೆ ದೂರವಾಣಿ ಕರೆ ಮಾಡಿದರು. ಆ ಮೂಲಕ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಪರಿಚಯವಾಗಿ, ಅವರ ನಿವಾಸದಲ್ಲಿ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್‌ರ ಭೇಟಿಯಾಯಿತು. ಕಾಲು ಗಂಟೆಯಷ್ಟೇ ಕೂರುವೆನೆಂದು ಬಂದಿದ್ದ ಸ್ಮಿತ್ ಹಲವು ಗಂಟೆ ಮಾತನಾಡಿದರು. ವಿಲ್ಸನ್ ಈ ಬಾರಿ ಉಪದೇಶ ಮಾಡದೆ ತಮ್ಮ ಕಥೆಯನ್ನೇ ಹೇಳಿಕೊಂಡಿದ್ದರು. ಬಳಿಕ ಒಮ್ಮೆ ಎಡವಿದರೂ ಸ್ಮಿತ್ 10 ಜೂನ್ 1935ರ ನಂತರ ಮದ್ಯ ಮುಟ್ಟಲಿಲ್ಲ. ಆ ದಿನವನ್ನೇ ಎ.ಎ. ತನ್ನ ಸ್ಥಾಪನಾ ದಿನವೆಂದು ಆಚರಿಸುತ್ತದೆ.

ಬರವಣಿಗೆ ಮತ್ತು ಸಂಘಟನೆ

ಸಂಸ್ಥೆಯ ಹೆಸರನ್ನೇ ಹೊತ್ತ ಗ್ರಂಥ 1939ರಲ್ಲಿ ಪ್ರಕಟವಾಯಿತು. ಅದರ ಬಹುಭಾಗವನ್ನು ಬರೆದವರು ವಿಲ್ಸನ್. ಚೇತರಿಕೆಯ 'ಹನ್ನೆರಡು ಹೆಜ್ಜೆಗಳು' ಅದರಲ್ಲಿವೆ: ಮದ್ಯದೆದುರು ತನ್ನ ಶಕ್ತಿ ಸಾಲದೆಂದು ಒಪ್ಪಿಕೊಳ್ಳುವುದು, ತಪ್ಪುಗಳನ್ನು ಗುರುತಿಸಿ ನೊಂದವರಿಗೆ ಪರಿಹಾರ ಮಾಡುವುದು, ಇತರ ವ್ಯಸನಿಗಳಿಗೆ ನೆರವಾಗುವುದು ಮುಖ್ಯವಾದವು. ನಾಸ್ತಿಕರಿಗೂ ಒಪ್ಪಿಗೆಯಾಗಲೆಂದು, ದೇವರ ಕಲ್ಪನೆಯನ್ನು ಅವರವರ ತಿಳಿವಳಿಕೆಗೆ ಬಿಡಲಾಯಿತು. 1941ರ ಮಾರ್ಚ್‌ನಲ್ಲಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಬಂದ ಲೇಖನದಿಂದ, ಸುಮಾರು 2,000 ಇದ್ದ ಸದಸ್ಯರ ಸಂಖ್ಯೆ ವರ್ಷಾಂತ್ಯಕ್ಕೆ 8,000ಕ್ಕೆ ಏರಿತು. ಹೊರಗಿನವರ ದೇಣಿಗೆ ಸ್ವೀಕರಿಸದಿರುವುದೂ ಸೇರಿದ 'ಹನ್ನೆರಡು ಸಂಪ್ರದಾಯಗಳು' 1950ರಲ್ಲಿ ಅಂಗೀಕೃತವಾದವು. 1951ರಲ್ಲಿ ಲೋಯಿಸ್ ಅವರು ವ್ಯಸನಿಗಳ ಕುಟುಂಬದವರಿಗಾಗಿ 'ಅಲ್-ಅನಾನ್' ಸಂಸ್ಥೆಯ ಸ್ಥಾಪನೆಯಲ್ಲಿ ಪಾಲ್ಗೊಂಡರು. ಯೇಲ್ ವಿಶ್ವವಿದ್ಯಾಲಯ ನೀಡಬಯಸಿದ ಗೌರವ ಪದವಿಯನ್ನು ವಿಲ್ಸನ್ ನಿರಾಕರಿಸಿದರು. 1955ರಲ್ಲಿ ಸಂಸ್ಥೆಯ ಹೊಣೆಯನ್ನು ಸದಸ್ಯರ ಪ್ರತಿನಿಧಿಗಳಿಗೆ ವಹಿಸಿದರು.

ಕೊನೆಯ ದಿನಗಳು

ಮದ್ಯವನ್ನು ಬಿಟ್ಟರೂ ಧೂಮಪಾನದ ಚಟವನ್ನು ವಿಲ್ಸನ್ ಬಹುಕಾಲ ಬಿಡಲಾಗಲಿಲ್ಲ. ಅದರಿಂದ ಶ್ವಾಸಕೋಶದ ಕಾಯಿಲೆ ಉಲ್ಬಣಿಸಿತು. ಮರಣಶಯ್ಯೆಯಲ್ಲಿ ಅವರು ವಿಸ್ಕಿ ಕೇಳಿದ್ದರೆಂದೂ ಅದನ್ನು ಕೊಡಲಿಲ್ಲವೆಂದೂ ದಾದಿಯರ ದಾಖಲೆಗಳ ಆಧಾರದಿಂದ ಜೀವನಚರಿತ್ರಕಾರರು ಬರೆದಿದ್ದಾರೆ. 24 ಜನವರಿ 1971ರಂದು, ತಮ್ಮ ವಿವಾಹದ 53ನೆಯ ವಾರ್ಷಿಕೋತ್ಸವದ ದಿನ, ಮಯಾಮಿಯಲ್ಲಿ ನಿಧನರಾದರು. ಅವರ ಸಮಾಧಿ ಹುಟ್ಟೂರಾದ ಈಸ್ಟ್ ಡಾರ್ಸೆಟ್‌ನಲ್ಲಿದೆ.

ಪ್ರಭಾವ

1999ರಲ್ಲಿ 'ಟೈಮ್' ಪತ್ರಿಕೆ ವಿಲ್ಸನ್‌ರನ್ನು ಇಪ್ಪತ್ತನೆಯ ಶತಮಾನದ ನೂರು ಪ್ರಭಾವಿ ವ್ಯಕ್ತಿಗಳ ಪಟ್ಟಿಗೆ ಸೇರಿಸಿತು. ಹನ್ನೆರಡು ಹೆಜ್ಜೆಗಳ ಕ್ರಮವನ್ನು ಮಾದಕ ವಸ್ತು, ಜೂಜು ಮೊದಲಾದ ಚಟಗಳಿಂದ ಬಿಡುಗಡೆ ಬಯಸುವವರ ಸಂಘಗಳೂ ಅಳವಡಿಸಿಕೊಂಡಿವೆ. ಎ.ಎ. ಸಭೆಗಳು ಭಾರತದಲ್ಲೂ, ಬೆಂಗಳೂರು ಸೇರಿದಂತೆ ಕರ್ನಾಟಕದಲ್ಲೂ ನಡೆಯುತ್ತವೆ. ಸದಸ್ಯತ್ವಕ್ಕೆ ಶುಲ್ಕವಿಲ್ಲ; ಕುಡಿತ ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ.