ಗಾಳಿಯೊಳಗಿದ್ದ ಕೆಂಪು ಬೆಳಕು: ವಿಲಿಯಂ ರಾಮ್ಸೆ

ಮಕ್ಕಳೇ, ಶಾಲೆಯಲ್ಲಿ ಕರೆಂಟು ಕೆಟ್ಟಾಗ ವೈರಿಂಗ್ ಕೆಲಸದವರು ಬಂದರೆ ಜೇಬಿನಿಂದ ಮೊದಲು ಏನನ್ನು ಹೊರತೆಗೆಯುತ್ತಾರೆ? ಟೆಸ್ಟರ್ ಅಲ್ಲವೇ? ಅದರ ತುದಿಯನ್ನು ಕರೆಂಟಿರುವ ಕಡೆ ತಾಗಿಸಿ ಹಿಂದುಗಡೆ ಬೆರಳಿಟ್ಟರೆ, ಹಿಡಿಯೊಳಗೆ ಕಿತ್ತಳೆ ಕೆಂಪು ಬಣ್ಣದ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ. ಆ ದೀಪದೊಳಗೆ ಕಾದು ಉರಿಯುವ ತಂತಿ ಇಲ್ಲ. ಎರಡು ಚಿಕ್ಕ ಲೋಹದ ಕಡ್ಡಿಗಳಿವೆ, ಅವುಗಳ ಸುತ್ತ ನಿಯಾನ್ ಎಂಬ ಅನಿಲವಿದೆ. ಹೊಳೆಯುವುದು ಆ ಅನಿಲವೇ.

ಇದೇ ಬೆಳಕಿನಲ್ಲಿ ಅಂಕಿಗಳನ್ನು ತೋರಿಸುವ ಗಾಜಿನ ಕೊಳವೆಗಳೂ ಇವೆ. ಹಳೆಯ ಕಾಲದ ಆ ಕೊಳವೆಗಳನ್ನು ಹುಡುಕಿ ತಂದು ಗಡಿಯಾರ ಮಾಡುವ ಹವ್ಯಾಸಿಗಳು ಇಂದು ಜಗತ್ತಿನ ಎಲ್ಲೆಡೆ ಇದ್ದಾರೆ. ಆ ಗಡಿಯಾರದ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಈ ಕೆಂಪು ಬೆಳಕನ್ನು ಗಾಳಿಯಿಂದ ಹೊರಗೆಳೆದವರ ಕಥೆ ಕೇಳಿ. ಅವರಿಗೆ ನಮ್ಮ ಕರ್ನಾಟಕದ ನಂಟೂ ಇದೆ.

ವಿಲಿಯಂ ರಾಮ್ಸೆಯವರು 1852ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಎಂಜಿನಿಯರ್. ಹುಡುಗನಾಗಿದ್ದಾಗ ಫುಟ್‌ಬಾಲ್ ಆಡುತ್ತ ಕಾಲು ಮುರಿದುಕೊಂಡರಂತೆ. ಹಾಸಿಗೆಯಲ್ಲಿ ಮಲಗಿದ್ದಾಗ ಅವರ ಕೈಗೆ ಒಂದು ರಸಾಯನ ವಿಜ್ಞಾನದ ಪುಸ್ತಕ ಸಿಕ್ಕಿತು. ಅದನ್ನು ಓದಿದ್ದು ಜ್ಞಾನಾರ್ಜನೆಗಲ್ಲ, ಪಟಾಕಿ ಮಾಡುವುದು ಹೇಗೆಂದು ತಿಳಿಯಲು! (ನೀವು ಆ ಪ್ರಯತ್ನಕ್ಕೆ ಕೈ ಹಾಕಬೇಡಿ.) ಮುಂದೆ ಜರ್ಮನಿಗೆ ಹೋಗಿ 1872ರಲ್ಲಿ ಡಾಕ್ಟರೇಟ್ ಪಡೆದರು. ಬ್ರಿಸ್ಟಲ್‌ನಲ್ಲಿ ಕೆಲವು ವರ್ಷ ಪ್ರಾಧ್ಯಾಪಕರಾಗಿದ್ದು, 1887ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು.

ರಾಮ್ಸೆಯವರಿಗೆ ಒಂದು ಅಪರೂಪದ ಕೈಚಳಕವಿತ್ತು. ಗಾಜನ್ನು ಬೆಂಕಿಯಲ್ಲಿ ಕಾಯಿಸಿ, ಊದಿ, ಬೇಕಾದ ಆಕಾರದ ಕೊಳವೆ ಬುರುಡೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಸಿಗದ ಉಪಕರಣಕ್ಕಾಗಿ ಕಾಯುತ್ತ ಕೂರುವ ಅಗತ್ಯ ಅವರಿಗಿರಲಿಲ್ಲ. ಮುಂದೆ ಹನಿಯಷ್ಟು ಅನಿಲವನ್ನೂ ಸೋರದಂತೆ ಹಿಡಿದಿಡಬೇಕಾಗಿ ಬಂದಾಗ ಈ ವಿದ್ಯೆಯೇ ನೆರವಾಯಿತು.

1892ರಲ್ಲಿ ಲಾರ್ಡ್ ರ್‍ಯಾಲಿ ಎಂಬ ಭೌತವಿಜ್ಞಾನಿ ಒಂದು ಒಗಟನ್ನು ಪ್ರಕಟಿಸಿದರು. ಗಾಳಿಯಿಂದ ಬೇರ್ಪಡಿಸಿದ ಸಾರಜನಕದ ತೂಕ ಲೀಟರಿಗೆ ಸುಮಾರು 1.257 ಗ್ರಾಂ. ಅಮೋನಿಯಾದಂಥ ಸಂಯುಕ್ತಗಳಿಂದ ತಯಾರಿಸಿದ ಸಾರಜನಕದ ತೂಕ ಸುಮಾರು 1.251 ಗ್ರಾಂ. ವ್ಯತ್ಯಾಸ ಬರೀ ಆರು ಮಿಲಿಗ್ರಾಂ. ಬೇರೆಯವರಾಗಿದ್ದರೆ ತಕ್ಕಡಿಯ ತಪ್ಪೆಂದು ಬಿಟ್ಟುಬಿಡುತ್ತಿದ್ದರೇನೋ. ರ್‍ಯಾಲಿ ಬಿಡಲಿಲ್ಲ, ರಾಮ್ಸೆಯವರೂ ಬಿಡಲಿಲ್ಲ. ಗಾಳಿಯಿಂದ ಪಡೆದ ಸಾರಜನಕವನ್ನು ಕೆಂಪಗೆ ಕಾದ ಮೆಗ್ನೀಸಿಯಂ ಲೋಹದ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಮೆಗ್ನೀಸಿಯಂ ಸಾರಜನಕವನ್ನು ಹೀರಿಕೊಂಡಿತು. ಕೊನೆಗೆ ಏನನ್ನು ಮಾಡಿದರೂ ಹೀರಿಕೊಳ್ಳದ ಸ್ವಲ್ಪ ಅನಿಲ ಉಳಿಯಿತು. 1894ರಲ್ಲಿ ಇಬ್ಬರೂ ಸೇರಿ ಅದನ್ನು ಹೊಸ ಅನಿಲವೆಂದು ಸಾರಿದರು. ಯಾವುದರ ಜೊತೆಗೂ ಸೇರದ ಅದಕ್ಕೆ ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂಬ ಅರ್ಥ ಬರುವಂತೆ ಆರ್ಗಾನ್ ಎಂದು ಹೆಸರಿಟ್ಟರು. 1785ರಲ್ಲೇ ಹೆನ್ರಿ ಕ್ಯಾವೆಂಡಿಶ್ ಎಂಬವರು ಇಂಥದೇ ಪುಟ್ಟ ಗುಳ್ಳೆಯೊಂದು ಉಳಿದದ್ದನ್ನು ಬರೆದಿಟ್ಟಿದ್ದರು. ಅದು ಏನೆಂದು ತಿಳಿಯಲು 109 ವರ್ಷ ಹಿಡಿಯಿತು.

ಎಲ್ಲರೂ ಒಪ್ಪಲಿಲ್ಲ. ಆವರ್ತ ಕೋಷ್ಟಕವನ್ನು ರೂಪಿಸಿದ ಮೆಂಡಲೀವ್ ಅವರಿಗೇ ಸಂಶಯ. ಅವರ ಕೋಷ್ಟಕದಲ್ಲಿ ಈ ಅನಿಲಕ್ಕೆ ಮನೆಯೇ ಇರಲಿಲ್ಲ. ಮೂರು ಪರಮಾಣು ಸೇರಿದ ಸಾರಜನಕವಿರಬೇಕು ಎಂದು ಅವರು ಭಾವಿಸಿದರು.

ಮರುವರ್ಷ ರಾಮ್ಸೆಯವರು ಕ್ಲೀವೈಟ್ ಎಂಬ ಯುರೇನಿಯಂ ಅದಿರಿನಲ್ಲಿ ಆರ್ಗಾನ್ ಹುಡುಕಲು ಹೊರಟು ಹೀಲಿಯಂ ಕಂಡುಕೊಂಡರು. ಹೀಲಿಯಂನ ಹಳದಿ ಗೆರೆಯ ಕಥೆ 1868ರ ಆಗಸ್ಟ್ 18ರ ಸೂರ್ಯಗ್ರಹಣದಿಂದ ಆರಂಭವಾಗುತ್ತದೆ. ಆ ದಿನ ವಿಜ್ಞಾನಿಗಳು ದೂರದರ್ಶಕ ಹೂಡಿದ್ದ ಊರುಗಳಲ್ಲಿ ಆಂಧ್ರದ ಗುಂಟೂರು ಮಾತ್ರವಲ್ಲ, ನಮ್ಮ ನೆರೆಯ ವಿಜಯಪುರ ಮತ್ತು ಜಮಖಂಡಿಗಳೂ ಇದ್ದವು. ಸೂರ್ಯನ ಬೆಳಕಿನಲ್ಲಿ ಕಂಡ ಧಾತು ಭೂಮಿಯ ಮೇಲೆ ಸಿಕ್ಕಿದ್ದು 27 ವರ್ಷಗಳ ನಂತರ.

ಹೀಲಿಯಂನ ಪರಮಾಣು ತೂಕ 4, ಆರ್ಗಾನಿನದು 40. ಇವೆರಡರ ನಡುವೆ 20ರ ಆಸುಪಾಸಿನ ಇನ್ನೊಂದು ಅನಿಲ ಇರಲೇಬೇಕು ಎಂದು ರಾಮ್ಸೆಯವರು ಲೆಕ್ಕ ಹಾಕಿದರು. 1897ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ, ಇನ್ನೂ ಯಾರೂ ಕಾಣದ ಈ ಅನಿಲದ ಬಗ್ಗೆಯೇ ಭಾಷಣ ಮಾಡಿದರು! ಸಿಗದೇ ಹೋಗಿದ್ದರೆ ಎಷ್ಟು ಮುಜುಗರ ಯೋಚಿಸಿ. ಖನಿಜಗಳನ್ನು ಕಾಯಿಸಿದರು, ಉಲ್ಕಾಶಿಲೆ ಪರೀಕ್ಷಿಸಿದರು, ಬಿಸಿನೀರಿನ ಬುಗ್ಗೆಗಳ ಅನಿಲ ತರಿಸಿದರು. ಸಿಗಲಿಲ್ಲ.

1898ರ ಮೇ ತಿಂಗಳಲ್ಲಿ ಅವರಿಗೆ ಹೊಸ ಸಾಧನವೊಂದು ದೊರೆಯಿತು. ಅದು ದ್ರವ ಗಾಳಿ. ಗಾಳಿಯನ್ನು ಸೊನ್ನೆಗಿಂತ ಸುಮಾರು 190 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದರೆ ಅದು ನೀರಿನಂತೆ ದ್ರವವಾಗುತ್ತದೆ. ರಾಮ್ಸೆ ಮತ್ತು ಅವರ ಯುವ ಸಹಾಯಕ ಮಾರಿಸ್ ಟ್ರಾವರ್ಸ್ ಮೊದಲು ಸಿಕ್ಕ ದ್ರವ ಗಾಳಿಯನ್ನು ಕುದಿದು ಹೋಗಲು ಬಿಟ್ಟು, ತಳದಲ್ಲಿ ಉಳಿದದ್ದನ್ನು ಪರೀಕ್ಷಿಸಿದರು. ಹಗುರ ಅನಿಲ ಬೇಕಾಗಿತ್ತು, ಸಿಕ್ಕಿದ್ದು ಆರ್ಗಾನಿಗಿಂತ ಭಾರವಾದ ಕ್ರಿಪ್ಟಾನ್!

ಜೂನ್ ತಿಂಗಳಲ್ಲಿ ಲೆಕ್ಕಾಚಾರ ಬದಲಿಸಿದರು. ಆರ್ಗಾನನ್ನೇ ದ್ರವವಾಗಿಸಿ, ಅದರಿಂದ ಮೊಟ್ಟಮೊದಲು ಆವಿಯಾಗುವ ಭಾಗವನ್ನು ಹಿಡಿದರು. ಹಗುರವಾದದ್ದು ಮೊದಲು ಹೊರಬರಬೇಕಲ್ಲವೇ? ಆ ಅನಿಲವನ್ನು ಗಾಜಿನ ಕೊಳವೆಗೆ ತುಂಬಿ ವಿದ್ಯುತ್ ಹಾಯಿಸಿದರು. ರೋಹಿತದರ್ಶಕದಲ್ಲಿ ಗೆರೆಗಳನ್ನು ಎಣಿಸುವ ಮೊದಲೇ ಉತ್ತರ ಸಿಕ್ಕಿತ್ತು. ಕೊಳವೆಯೇ ಕಡುಕೆಂಪಾಗಿ ಬೆಳಗುತ್ತಿತ್ತು. ಅಂಥ ಬೆಳಕನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ರಾಮ್ಸೆಯವರ 13 ವರ್ಷದ ಮಗ ಇದಕ್ಕೆ ಹೊಸದು ಎಂಬರ್ಥದ ಲ್ಯಾಟಿನ್ ಪದ ಸೂಚಿಸಿದ. ತಂದೆ ಅದನ್ನು ಗ್ರೀಕ್ ಭಾಷೆಗೆ ತಿರುಗಿಸಿ ನಿಯಾನ್ ಎಂದರು. ನಿಮ್ಮ ವಯಸ್ಸಿನ ಹುಡುಗನ ಮಾತಿನಿಂದ ಬಂದ ಹೆಸರು ಅದು. ಜುಲೈನಲ್ಲಿ ಕ್ಸೆನಾನ್ ಕೂಡ ಸಿಕ್ಕಿತು. ಒಂದೇ ಬೇಸಿಗೆಯಲ್ಲಿ ಮೂರು ಧಾತುಗಳು! ಕೋಷ್ಟಕಕ್ಕೆ ಹೊಸ ಕಂಬಸಾಲೇ ಸೇರಿತು. ಮೆಂಡಲೀವ್ ಅವರೂ ಕೆಲವು ವರ್ಷಗಳ ನಂತರ ಅದನ್ನು ಒಪ್ಪಿದರು. 1904ರಲ್ಲಿ ರಾಮ್ಸೆಯವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಬಂತು. ಅದೇ ವರ್ಷ ರ್‍ಯಾಲಿಯವರಿಗೆ ಭೌತವಿಜ್ಞಾನದ್ದು.

ನಿಯಾನ್ ಅಪರೂಪವೇ? ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 18 ಭಾಗ. ಆದರೆ ಲೆಕ್ಕ ಮಾಡಿ ನೋಡಿ: 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ತರಗತಿಯಲ್ಲಿ ಸುಮಾರು 1,13,000 ಲೀಟರ್ ಗಾಳಿ ಹಿಡಿಯುತ್ತದೆ. ಅದರಲ್ಲಿ ಸುಮಾರು ಎರಡು ಲೀಟರ್ ನಿಯಾನ್. ಆಳಂದ, ಅಫಜಲಪುರ, ಜೇವರ್ಗಿ, ಯಾವ ತಾಲ್ಲೂಕಿನ ಶಾಲೆಯಾದರೂ ಅಷ್ಟೇ. ನೀವು ಉಸಿರಾಡುವಾಗಲೆಲ್ಲ ಅದು ಒಳಗೆ ಹೋಗಿ ಹಾಗೆಯೇ ಹೊರಬರುತ್ತಿದೆ.

ಈಗ ನಮ್ಮ ನಾಡಿನ ನಂಟು. ಉದ್ಯಮಿ ಜಮ್ಸೆಟ್‌ಜಿ ಟಾಟಾ ಅವರು ಭಾರತದಲ್ಲಿ ದೊಡ್ಡ ವಿಜ್ಞಾನ ಸಂಸ್ಥೆ ಕಟ್ಟಬೇಕೆಂದಿದ್ದರು. ಅದು ಎಲ್ಲಿರಬೇಕೆಂದು ತಿಳಿಯಲು ರಾಮ್ಸೆಯವರನ್ನು ಕರೆಸಿದರು. 1900ರ ಕೊನೆಯಲ್ಲಿ ಬಂದ ರಾಮ್ಸೆ ಸುಮಾರು ಹತ್ತು ವಾರ ದೇಶ ಸುತ್ತಿ ಬೆಂಗಳೂರನ್ನು ಸೂಚಿಸಿದರು. ಅಲ್ಲಿನ ಹವೆ ಚೆನ್ನಾಗಿತ್ತು, ಮೈಸೂರು ಸಂಸ್ಥಾನ ನೆರವಿಗೆ ಮುಂದೆ ಬಂದಿತ್ತು. (ಆಗ ನಮ್ಮ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು.) ಆದರೆ ಸಮಿತಿ, ವರದಿ, ಒಪ್ಪಿಗೆ ಎಂದು ವರ್ಷಗಳು ಉರುಳಿದವು. 1904ರಲ್ಲಿ ಟಾಟಾ ತೀರಿಕೊಂಡರು. 1906ರಲ್ಲಿ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದವರು ಯಾರು ಗೊತ್ತೇ? ನಿಯಾನ್ ಬೆಳಗಿದ ದಿನ ರಾಮ್ಸೆಯವರ ಪಕ್ಕದಲ್ಲಿದ್ದ ಅದೇ ಮಾರಿಸ್ ಟ್ರಾವರ್ಸ್! ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. 1911ರಲ್ಲಿ ವಿದ್ಯಾರ್ಥಿಗಳು ಸೇರಿದರು. ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ ಹೀಗೆ ಶುರುವಾಯಿತು. ಆಡಳಿತದವರೊಂದಿಗೆ ಹೊಂದಿಕೆಯಾಗದೆ ಟ್ರಾವರ್ಸ್ 1914ರಲ್ಲಿ ಊರಿಗೆ ಮರಳಿದರು.

ರಾಮ್ಸೆಯವರು ಎಡವಿದ್ದೂ ಉಂಟು. 1907ರಲ್ಲಿ, ರೇಡಿಯಂನಿಂದ ಹೊಮ್ಮುವ ಅನಿಲವು ತಾಮ್ರವನ್ನು ಲಿಥಿಯಂ ಆಗಿ ಬದಲಿಸುತ್ತದೆ ಎಂದು ಪ್ರಕಟಿಸಿದರು. ಮೇರಿ ಕ್ಯೂರಿಯವರು ಗಾಜನ್ನು ಬಿಟ್ಟು ಪ್ಲಾಟಿನಂ ಪಾತ್ರೆಯಲ್ಲಿ ಅದೇ ಪ್ರಯೋಗ ಮಾಡಿದರು. ಲಿಥಿಯಂ ಕಾಣಲಿಲ್ಲ. ಅದು ಗಾಜಿನಿಂದಲೇ ಬಂದಿತ್ತೆಂದು ತಿಳಿಯಿತು. ಗಾಜಿನ ಕೆಲಸದಲ್ಲಿ ಎತ್ತಿದ ಕೈಯಾಗಿದ್ದವರಿಗೆ ಗಾಜೇ ಮೋಸ ಮಾಡಿತ್ತು.

ರಾಮ್ಸೆಯವರು 1916ರ ಜುಲೈ 23ರಂದು ಮೂಗಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದಕ್ಕೂ ಮೊದಲೇ, 1910ರಲ್ಲಿ, ಪ್ಯಾರಿಸ್‌ನಲ್ಲಿ ಜಾರ್ಜ್ ಕ್ಲಾಡ್ ನಿಯಾನ್ ತುಂಬಿದ ಉದ್ದನೆಯ ಕೊಳವೆಗಳನ್ನು ಬೆಳಗಿಸಿ ತೋರಿಸಿದ್ದರು. ಅಂಕಿಯ ಕೊಳವೆ ಬಂದದ್ದು ಇನ್ನೂ ತಡವಾಗಿ. 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಅದನ್ನು ನಿಕ್ಸಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಅದು ಹೇಗೆ ಕೆಲಸ ಮಾಡುತ್ತದೆ? ತೆಳು ತಂತಿಯಂತೆ ರೂಪಿಸಿದ 0ಯಿಂದ 9ರವರೆಗಿನ ಹತ್ತು ಅಂಕಿಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಮುಂದೆ ಜಾಳಿಗೆಯಂಥ ಧನಾಗ್ರ, ಸುತ್ತ ಕಡಿಮೆ ಒತ್ತಡದ ನಿಯಾನ್. ಯಾವ ಅಂಕಿಯನ್ನು ಋಣಾಗ್ರವಾಗಿ ಜೋಡಿಸುತ್ತೇವೋ ಅದರ ಸುತ್ತ ಮಾತ್ರ ಅನಿಲ ಹೊಳೆಯುತ್ತದೆ. ಟೆಸ್ಟರ್‌ನಲ್ಲಿ ಎರಡೂ ಕಡ್ಡಿ ಹೊಳೆದಂತೆ ಕಾಣುವುದೇಕೆ? ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತನೆಯಂತೆ ದಿಕ್ಕು ಬದಲಿಸುವುದರಿಂದ ಕಡ್ಡಿಗಳು ಸರದಿಯಲ್ಲಿ ಋಣಾಗ್ರವಾಗುತ್ತವೆ.

ಈ ಕೊಳವೆ ಹೊತ್ತಿಕೊಳ್ಳಲು ಸುಮಾರು 170 ವೋಲ್ಟ್ ಬೇಕು. ಹವ್ಯಾಸಿಗಳು 12 ವೋಲ್ಟ್ ಅಡಾಪ್ಟರಿನಿಂದ ಶುರುಮಾಡಿ, ಒಂದು ಮಂಡಲದ ಮೂಲಕ ಅದನ್ನು ಅಷ್ಟಕ್ಕೆ ಏರಿಸುತ್ತಾರೆ. ಅನಿಲ ಒಮ್ಮೆ ವಿದ್ಯುತ್ತಿಗೆ ದಾರಿಬಿಟ್ಟರೆ ಪ್ರವಾಹ ಮಿತಿಯಿಲ್ಲದೆ ಏರುತ್ತದೆ. ಅದನ್ನು ತಡೆಯಲು ಕೊಳವೆಯೊಂದಿಗೆ ಒಂದು ರೋಧಕ ಇರಲೇಬೇಕು. ಇಲ್ಲದಿದ್ದರೆ ಕೊಳವೆ ಹಾಳು. ಕೊಳವೆಗೆ ಎರಡು ಮಿಲಿಆಂಪಿಯರ್‌ನಂತೆ ಆರು ಕೊಳವೆಗಳಿಗೆ ಬೇಕಾದ ಸಾಮರ್ಥ್ಯ ಸುಮಾರು ಎರಡು ವ್ಯಾಟ್ ಮಾತ್ರ. ಆದರೂ 170 ವೋಲ್ಟ್ ಅಪಾಯಕಾರಿ. ಇಂಥ ಗಡಿಯಾರದ ಒಳಭಾಗಕ್ಕೆ, ಪ್ಲಗ್ಗಿನ ತೂತಿಗೆ ನೀವು ಕೈ ಹಾಕಲೇಬೇಡಿ. ಟೆಸ್ಟರ್ ಕೂಡ ದೊಡ್ಡವರ ಕೈಯಲ್ಲಿದ್ದಾಗ ನೋಡಿ.

ಎಲ್‌ಇಡಿ ಅಂಕಿಗಳು ಬಂದ ಮೇಲೆ 1970ರ ದಶಕದಲ್ಲಿ ಈ ಕೊಳವೆಗಳು ಹಿಂದೆ ಸರಿದವು. ಸೋವಿಯತ್ ಒಕ್ಕೂಟದಲ್ಲಿ ಮಾತ್ರ ಬಹುಕಾಲ ತಯಾರಾದವು. ಇಂದಿನ ಗಡಿಯಾರಗಳಲ್ಲಿ ಹೆಚ್ಚಾಗಿ ಕಾಣುವುದು ಅವೇ. ಎಲ್ಲಾದರೂ ಅಂಥ ಗಡಿಯಾರವನ್ನೋ ಅದರ ಚಿತ್ರವನ್ನೋ ಕಂಡರೆ 5ನ್ನು ಗಮನಿಸಿ. ಕೆಲವು ಸೋವಿಯತ್ ಕೊಳವೆಗಳಲ್ಲಿ 5ಕ್ಕೆಂದು ಬೇರೆ ಅಚ್ಚು ಮಾಡದೆ, 2ನ್ನೇ ತಲೆಕೆಳಗಾಗಿ ನಿಲ್ಲಿಸಿದ್ದಾರೆ.