ಮಕ್ಕಳ ಕವಿ ಎಡ್ವರ್ಡ್ ಲಿಯರ್ ಮಹಾಶಯರು

ನಮ್ಮ ನಾಡಿನಲ್ಲಿ ಬೆಕ್ಕಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಕಳ್ಳನೆಂದೂ, ಇಲಿಯ ಪ್ರಾಣಸಂಕಟವನ್ನು ತನ್ನ ಚೆಲ್ಲಾಟವಾಗಿ ಮಾಡಿಕೊಂಡ ನಿರ್ದಯಿಯೆಂದೂ ನಮ್ಮ ಗಾದೆಗಳು ಅದನ್ನು ದೂರುತ್ತವೆ. ಅದು ದಾರಿಗೆ ಅಡ್ಡ ಬಂದರೆ ಹಿರಿಯರು ಹೆಜ್ಜೆ ತಡೆದು ನಿಲ್ಲುವುದುಂಟು. ಮನೆಯ ಮಕ್ಕಳು ಮಾತ್ರ ಈ ದೂರುಗಳಾವುದನ್ನೂ ಕಿವಿಗೆ ಹಾಕಿಕೊಳ್ಳದೆ, ತಮ್ಮ ಪಾಲಿನ ಹಾಲಿನಲ್ಲಿ ಅದಕ್ಕೂ ಒಂದು ಪಾಲು ಕೊಟ್ಟು, ಮಡಿಲಲ್ಲಿ ಕೂರಿಸಿಕೊಂಡು, ತಮಗೆ ತಿಳಿದ ಹಾಡನ್ನೆಲ್ಲ ಅದಕ್ಕೆ ಕೇಳಿಸುತ್ತಾರೆ. ಮಕ್ಕಳ ಈ ಸ್ನೇಹವನ್ನು ಅರಿತು, ಬೆಕ್ಕಿಗೆ ಪದ್ಯದಲ್ಲಿಯೂ ಚಿತ್ರದಲ್ಲಿಯೂ ಗೌರವದ ಸ್ಥಾನವನ್ನು ಕೊಟ್ಟ ಮಹನೀಯರಲ್ಲಿ ಎಡ್ವರ್ಡ್ ಲಿಯರ್ ಎಂಬವರು ಅಗ್ರಗಣ್ಯರು. ಇವರು ಒಮ್ಮೆ ನಮ್ಮ ಬೆಂಗಳೂರಿಗೂ ಬಂದಿದ್ದರೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿರಲಾರದು.

ಪ್ರಾಸದ ಪದ್ಯಗಳೂ ಬಣ್ಣದ ಚಿತ್ರಗಳೂ ಇರುವ ಇಂಥ ಪುಸ್ತಕಗಳಿಂದ ಪ್ರಯೋಜನವೇನೆಂದು ತಾಯ್ತಂದೆಗಳು ನಮ್ಮನ್ನು ಕೇಳುವುದುಂಟು. ಪರೀಕ್ಷೆಗೆ ಬಾರದ, ನೀತಿಯನ್ನೂ ಬೋಧಿಸದ ಪುಸ್ತಕಕ್ಕೆ ಹಣ ತೆರುವುದು ಅವರಿಗೆ ಕಷ್ಟವಾಗಿ ತೋರುವುದು ಸಹಜವೇ. ಈ ಪ್ರಶ್ನೆಗೆ ವಾದದಿಂದ ಉತ್ತರ ಹೇಳುವುದಕ್ಕಿಂತ, ಅಂಥ ಪುಸ್ತಕಗಳನ್ನು ಬರೆದವರೊಬ್ಬರ ಚರಿತ್ರೆಯನ್ನು ಮುಂದಿಡುವುದೇ ಲೇಸೆಂದು ಎಣಿಸಿ, ಈ ಸಂಚಿಕೆಗಾಗಿ ಅದನ್ನು ಸಂಗ್ರಹವಾಗಿ ಬರೆದಿದ್ದೇವೆ.

ಲಿಯರ್ ಮಹಾಶಯರು 1812ನೆಯ ಇಸವಿ ಮೇ ತಿಂಗಳ 12ನೆಯ ತಾರೀಖಿನಲ್ಲಿ ಲಂಡನ್ ಪಟ್ಟಣದ ಬಳಿಯ ಹಾಲೊವೇ ಎಂಬಲ್ಲಿ ಜನಿಸಿದರು. ತಾಯಿ ಹೆತ್ತ ಇಪ್ಪತ್ತೊಂದು ಮಂದಿ ಮಕ್ಕಳಲ್ಲಿ ಇವರು ಇಪ್ಪತ್ತನೆಯವರು. ಆ ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ತೀರಿಕೊಂಡರು. ತಂದೆಯವರು ಲಂಡನ್ನಿನಲ್ಲಿ ಷೇರುಗಳ ದಳ್ಳಾಳಿಯಾಗಿದ್ದು, ಎಡ್ವರ್ಡನಿಗೆ ನಾಲ್ಕು ವರ್ಷಗಳಾಗುವ ಹೊತ್ತಿಗೆ ವ್ಯವಹಾರದಲ್ಲಿ ಬಹಳ ನಷ್ಟಕ್ಕೆ ಒಳಗಾದರು. ಸಂಸಾರವು ಚದರಿಹೋಯಿತು. ಬಳಲಿದ ತಾಯಿಯು ಈ ಮಗುವನ್ನು ತನ್ನ ಹಿರಿಯ ಮಗಳಾದ ಆನ್ ಎಂಬವಳ ಕೈಗೆ ಒಪ್ಪಿಸಿಬಿಟ್ಟಳು.

ಆನ್ ತಮ್ಮನಿಗಿಂತ ಇಪ್ಪತ್ತೊಂದು ವರ್ಷಕ್ಕೆ ಹಿರಿಯಳು. ಅವಳು ವಿವಾಹವಾಗದೆ ಉಳಿದು, ತಾಯಿಯಾಗಿಯೂ ಉಪಾಧ್ಯಾಯಿನಿಯಾಗಿಯೂ ಅವನನ್ನು ಸಾಕಿದಳು. ಬಾಲಕನು ಶಾಲೆಯಲ್ಲಿ ಕಲಿತದ್ದು ತೀರ ಸ್ವಲ್ಪ; ಓದುವುದನ್ನೂ, ಹೂವು, ಚಿಟ್ಟೆ, ಹಕ್ಕಿಗಳನ್ನು ನೋಡಿ ನೋಡಿ ಬರೆಯುವುದನ್ನೂ ಅವನಿಗೆ ಕಲಿಸಿದವರು ಮನೆಯ ಅಕ್ಕಂದಿರೇ. ಮುಂದೆ ದೊಡ್ಡವರಾಗಿ ದೇಶಾಂತರಗಳಲ್ಲಿ ತಿರುಗುತ್ತಿದ್ದಾಗಲೂ ಇವರು ತಮ್ಮ ಅಕ್ಕನಿಗೆ ದೀರ್ಘವಾದ ಪತ್ರಗಳನ್ನು ಬರೆಯುವುದನ್ನು ತಪ್ಪಿಸಲಿಲ್ಲ. 1861ರಲ್ಲಿ ಅವಳು ತೀರಿಕೊಂಡಾಗ ಇವರು ಮಾತೃವಿಯೋಗದ ದುಃಖವನ್ನೇ ಅನುಭವಿಸಿದರು. ಹೆಣ್ಣುಮಕ್ಕಳ ಶಾಲೆಯೊಂದರ ಸಂಚಿಕೆಯಲ್ಲಿ ಈ ಆನ್ ಎಂಬವಳ ಹೆಸರನ್ನು ಸ್ಮರಿಸದೆ ಮುಂದೆ ಹೋಗುವುದು ನಮಗೆ ಉಚಿತವೆನಿಸಲಿಲ್ಲ. ಲೋಕವು ತಮ್ಮನ ಹೆಸರನ್ನು ಬಲ್ಲದು. ಆ ಹೆಸರಿನ ಕೆಳಗಿರುವ ಅಡಿಗಲ್ಲು ಅಕ್ಕನದು.

ಬಾಲಕನಿಗೆ ಐದಾರು ವರ್ಷಗಳಾದಾಗಲೇ ಮೂರ್ಛೆರೋಗವು ಕಾಣಿಸಿಕೊಂಡಿತು. ಆ ಕಾಲದಲ್ಲಿ ಆ ರೋಗಕ್ಕೆ ತಕ್ಕ ಔಷಧವಿರಲಿಲ್ಲ. ಅದನ್ನು ಅವಮಾನದ ವಿಷಯವಾಗಿಯೂ ಜನರು ಭಾವಿಸುತ್ತಿದ್ದರು. ಲಿಯರ್ ಮಹಾಶಯರು ತಮ್ಮ ಆಯುಷ್ಯವೆಲ್ಲ ಇದನ್ನು ಗುಟ್ಟಾಗಿಟ್ಟರು. ಮೂರ್ಛೆ ಬರುವ ಸೂಚನೆಯು ಮೊದಲೇ ತಿಳಿಯುತ್ತಿದ್ದುದರಿಂದ, ಎದ್ದು ಏಕಾಂತಕ್ಕೆ ಹೋಗಿಬಿಡುತ್ತಿದ್ದರು. ದಿನಚರಿಯಲ್ಲಿ ಮಾತ್ರ ಅಂಥ ದಿನಗಳಿಗೆ ಒಂದೊಂದು ಗುರುತನ್ನು ಹಾಕುತ್ತಿದ್ದರು. ಇದರ ಮೇಲೆ ಉಬ್ಬಸ, ದೃಷ್ಟಿಮಾಂದ್ಯ, ಆಗಾಗ ಕವಿಯುವ ಮನಸ್ಸಿನ ಖಿನ್ನತೆ. ಸಾವಿರಾರು ಮಕ್ಕಳನ್ನು ನಗಿಸಿದವರ ಬಾಳು ಹೊರಗಿನಿಂದ ನೋಡಿದವರಿಗೆ ತಿಳಿಯದಷ್ಟು ಭಾರವಾಗಿದ್ದಿತು.

ಇಲ್ಲಿ ಒಂದು ಮಾತನ್ನು ತಾಯ್ತಂದೆಗಳಿಗೆ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇವೆ. ಇಂದಿಗೂ ಕೆಲವು ಮನೆಗಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ವಿವಾಹಕ್ಕೆ ಅಡ್ಡಿಯಾದೀತೆಂಬ ಭಯದಿಂದ ಈ ರೋಗವನ್ನು ಮುಚ್ಚಿಡುತ್ತಾರೆ. ಈಗ ಇದಕ್ಕೆ ಒಳ್ಳೆಯ ಔಷಧಗಳಿವೆ. ಕ್ರಮವಾಗಿ ಸೇವಿಸಿದರೆ ಹೆಚ್ಚಿನವರಲ್ಲಿ ರೋಗವು ಹತೋಟಿಗೆ ಬರುತ್ತದೆ. ಮಗುವನ್ನು ವೈದ್ಯರ ಬಳಿಗೆ ಕರೆದೊಯ್ದು, ಶಾಲೆಯ ಉಪಾಧ್ಯಾಯಿನಿಯರಿಗೆ ತಿಳಿಸಿದರೆ, ಲಿಯರ್ ಮಹಾಶಯರು ಎಪ್ಪತ್ತು ವರ್ಷ ಒಬ್ಬರೇ ಹೊತ್ತ ಹೊರೆಯನ್ನು ಆ ಮಗುವು ಒಂಟಿಯಾಗಿ ಹೊರಬೇಕಾಗುವುದಿಲ್ಲ.

ಹದಿನೈದನೆಯ ವಯಸ್ಸಿನಲ್ಲಿಯೇ ಇವರು ಚಿತ್ರಗಳನ್ನು ಬರೆದು ಹೊಟ್ಟೆ ಹೊರೆಯಬೇಕಾಯಿತು. ಲಂಡನ್ನಿನ ಮೃಗಾಲಯದಲ್ಲಿ ಗಿಳಿಗಳ ಪಂಜರದ ಮುಂದೆ ಕುಳಿತು, ಸತ್ತ ಹಕ್ಕಿಗಳನ್ನಲ್ಲದೆ ಜೀವಂತವಾದವುಗಳನ್ನೇ ನೋಡಿ ಬರೆದು, 1830ರಿಂದ 1832ರ ವರೆಗೆ 42 ಚಿತ್ರಫಲಕಗಳನ್ನು ಪ್ರಕಟಿಸಿದರು. ಆಗ ಇವರಿಗೆ ಇಪ್ಪತ್ತು ವರ್ಷಗಳೂ ತುಂಬಿರಲಿಲ್ಲ. ಈ ಪುಸ್ತಕವನ್ನು ನೋಡಿದ ಡರ್ಬಿಯ ಪ್ರಭುಮನೆತನದವರು ಲಿವರ್‌ಪೂಲಿನ ಬಳಿ ನೋಸ್ಲಿ ಎಂಬಲ್ಲಿ ತಾವು ಸಾಕಿದ್ದ ಪ್ರಾಣಿಪಕ್ಷಿಗಳ ಚಿತ್ರಗಳನ್ನು ಬರೆಯಲು ಇವರನ್ನು ಕರೆಯಿಸಿಕೊಂಡರು.

ಆ ದೊಡ್ಡ ಮನೆಯಲ್ಲಿ ಹಗಲೆಲ್ಲ ಪ್ರಾಣಿಗಳನ್ನು ಬರೆದು, ಬಿಡುವಾದಾಗ ಮಕ್ಕಳ ಕೋಣೆಗೆ ಹೋಗಿ, ಐದು ಪಂಕ್ತಿಯ ನಗೆಯ ಪದ್ಯಗಳನ್ನು ಹೇಳುತ್ತ, ಒಂದೊಂದಕ್ಕೂ ಒಂದು ಚಿತ್ರವನ್ನು ಗೀಚಿ ಕೊಡುತ್ತಿದ್ದರು. ಈ ಪದ್ಯಗಳೆಲ್ಲ 1846ರಲ್ಲಿ ಪುಸ್ತಕವಾಗಿ ಹೊರಬಿದ್ದವು. ಆದರೆ ಗಂಭೀರನಾದ ಚಿತ್ರಕಾರನೆಂಬ ಹೆಸರಿಗೆ ಕುಂದು ಬಂದೀತೆಂದೋ ಏನೋ, ಮೊದಲ ಮುದ್ರಣಕ್ಕೆ ತಮ್ಮ ಹೆಸರನ್ನು ಹಾಕದೆ ಒಂದು ಕಲ್ಪಿತ ಹೆಸರನ್ನು ಹಾಕಿದರು. ಅದೇ ವರ್ಷ ವಿಕ್ಟೋರಿಯಾ ರಾಣಿಯವರಿಗೆ ಚಿತ್ರಕಲೆಯ ಪಾಠಗಳನ್ನು ಹೇಳಿಕೊಡುವ ಗೌರವವೂ ಇವರಿಗೆ ಲಭಿಸಿತು.

ಈ ಪುಸ್ತಕದ ವಿಷಯವಾಗಿ ಒಂದು ವಿನೋದದ ಸಂಗತಿಯನ್ನು ಇವರೇ ತಿಳಿಸಿದ್ದಾರೆ. ಒಮ್ಮೆ ರೈಲಿನಲ್ಲಿ ಹೋಗುತ್ತಿದ್ದಾಗ, ಅದೇ ಬಂಡಿಯಲ್ಲಿದ್ದ ಗೃಹಸ್ಥನೊಬ್ಬನು, ಎಡ್ವರ್ಡ್ ಲಿಯರ್ ಎಂಬ ಮನುಷ್ಯನೇ ಇಲ್ಲವೆಂದೂ, ಆ ಪುಸ್ತಕವನ್ನು ಬರೆದವರು ಡರ್ಬಿಯ ಪ್ರಭುಗಳೆಂದೂ, ಪ್ರಭುಪದವಿಯ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಲಿಯರ್ ಎಂದು ಮಾಡಿದ್ದಾರೆಂದೂ ಬಲವಾಗಿ ಸಾಧಿಸಿದನು. ಲಿಯರ್ ಮಹಾಶಯರು ತಮ್ಮ ಟೋಪಿಯ ಒಳಗೆ ಬರೆದಿದ್ದ ಹೆಸರನ್ನು ತೋರಿಸಿ, ತಾವು ಇರುವುದು ನಿಜವೆಂದು ರುಜುವಾತುಪಡಿಸಬೇಕಾಯಿತು.

ಇಂಗ್ಲೆಂಡಿನ ಚಳಿಯು ದೇಹಕ್ಕೆ ಒಗ್ಗದೆ, 1837ರಲ್ಲಿ ಇವರು ರೋಮ್ ನಗರಕ್ಕೆ ಹೋದರು. ಅಂದಿನಿಂದ ಇಟಲಿ, ಗ್ರೀಸ್, ಆಲ್ಬೇನಿಯಾ, ಈಜಿಪ್ಟ್, ಪ್ಯಾಲೆಸ್ತೀನ್ ಮುಂತಾದ ದೇಶಗಳಲ್ಲಿ ಸಂಚರಿಸುತ್ತ ಬೆಟ್ಟ, ಕಡಲು, ಪುರಾತನ ಕಟ್ಟಡಗಳ ಚಿತ್ರಗಳನ್ನು ಬರೆದು ಜೀವಿಸಿದರು. ಕಾರ್ಫು ದ್ವೀಪದಲ್ಲಿ ದೊರೆತ ಜಾರ್ಜಿಯೋ ಎಂಬ ನಂಬಿಕೆಯ ಸೇವಕನು ಇಪ್ಪತ್ತೇಳು ವರ್ಷ ಇವರ ಸಂಗಡ ಇದ್ದನು.

1867ರ ಡಿಸೆಂಬರಿನಲ್ಲಿ ಇವರು ಫ್ರಾನ್ಸ್ ದೇಶದ ಕಾನ್ ಎಂಬ ಊರಿನಲ್ಲಿದ್ದರು. ಅಲ್ಲಿ ಇವರ ಸ್ನೇಹಿತರಾದ ಸೈಮಂಡ್ಸ್ ಎಂಬವರ ಪುಟ್ಟ ಮಗಳು ಜಾನೆಟ್ ಕಾಯಿಲೆಯಿಂದ ಮಲಗಿದ್ದಳು. ಅವಳಿಗೆ ಆಗ ಮೂರು ವರ್ಷಗಳೂ ತುಂಬಿರಲಿಲ್ಲ. ಆ ಮಗುವನ್ನು ಸಂತೋಷಪಡಿಸುವುದಕ್ಕೆಂದು ಲಿಯರ್ ಮಹಾಶಯರು ಒಂದು ಗೂಬೆಯೂ ಒಂದು ಬೆಕ್ಕೂ ಪ್ರೀತಿಸಿ, ಹಸುರು ದೋಣಿಯಲ್ಲಿ ಕಡಲ ಮೇಲೆ ಹೊರಟ ಕಥೆಯನ್ನು ಪದ್ಯವಾಗಿ ಬರೆದು ಚಿತ್ರಸಹಿತವಾಗಿ ಕೊಟ್ಟರು. ಜೇನನ್ನೂ ಹಣವನ್ನೂ ಕಟ್ಟಿಕೊಂಡು ಹೊರಟ ಆ ಜೋಡಿಯು ಒಂದು ವರ್ಷದ ಮೇಲೆ ಒಂದು ದೂರದೇಶವನ್ನು ಸೇರಿ, ಹಂದಿಯ ಮೂಗಿನಲ್ಲಿದ್ದ ಉಂಗುರವನ್ನು ಕೊಂಡು, ಟರ್ಕಿ ಕೋಳಿಯ ಪೌರೋಹಿತ್ಯದಲ್ಲಿ ಮದುವೆಯಾಗಿ, ಬೆಳುದಿಂಗಳಲ್ಲಿ ಕುಣಿಯುತ್ತದೆ. ಕಥೆಯೆಂದರೆ ಇಷ್ಟೇ. ಇದರಲ್ಲಿ ನೀತಿಯಿಲ್ಲ, ಶಿಕ್ಷೆಯಿಲ್ಲ. ಬೆಕ್ಕು ಹಕ್ಕಿಯನ್ನು ತಿನ್ನುವುದು ಲೋಕದ ವಾಡಿಕೆ. ಈ ಪದ್ಯದಲ್ಲಿ ಅವೆರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಮಗುವು ಇದನ್ನು ಕೇಳಿ ನಗುತ್ತದೆ. ಹಾಡುವ ದೊಡ್ಡವರಿಗೋ, ಎಲ್ಲಿಯೂ ತನಗೊಂದು ಮನೆಯಾಗದ ಒಬ್ಬಂಟಿಗನ ಹಂಬಲವು ಆ ನಗೆಯ ಹಿಂದೆ ಕಾಣಿಸುತ್ತದೆ. ಮಕ್ಕಳೂ ಹಿರಿಯರೂ ಸಮವಾಗಿ ಮೆಚ್ಚುವ ಪುಸ್ತಕದ ಮರ್ಮವು ಇದೇ ಎಂದು ನಾವು ತಿಳಿಯುತ್ತೇವೆ: ಮಗುವಿಗೆ ಅದು ಆಟ, ಹಿರಿಯರಿಗೆ ಅದು ಸಮಾಧಾನ.

ಲಾರ್ಡ್ ನಾರ್ತ್‌ಬ್ರೂಕರು ಇವರ ಹಳೆಯ ಸ್ನೇಹಿತರು. ಅವರು ಇಂಡಿಯಾದ ವೈಸರಾಯರಾದಾಗ ಇವರನ್ನು ಇಲ್ಲಿಗೆ ಆಹ್ವಾನಿಸಿದರು. 1873ರ ನವೆಂಬರಿನಲ್ಲಿ, ಅರುವತ್ತೊಂದನೆಯ ವಯಸ್ಸಿನಲ್ಲಿ, ಲಿಯರ್ ಮಹಾಶಯರು ಜಾರ್ಜಿಯೋವಿನೊಡನೆ ಬೊಂಬಾಯಿಯಲ್ಲಿ ಇಳಿದರು. ಕಾಶಿ, ಕಲ್ಕತ್ತ, ದಾರ್ಜಿಲಿಂಗ್, ದೆಹಲಿ, ಸಿಮ್ಲಾಗಳನ್ನು ನೋಡಿ, 1874ರಲ್ಲಿ ದಕ್ಷಿಣಕ್ಕೆ ಬಂದು ನಮ್ಮ ಬೆಂಗಳೂರಿನಲ್ಲಿಯೂ ತಂಗಿದರು. ಬಳಿಕ ಮದರಾಸು ಪ್ರಾಂತವನ್ನೂ ಮಲಬಾರನ್ನೂ ಸಿಂಹಳವನ್ನೂ ಸಂದರ್ಶಿಸಿ, 1875ರ ಜನವರಿಯಲ್ಲಿ ಹಿಂದಿರುಗಿದರು. ಈ ದೇಶದಲ್ಲಿ ನೂರಾರು ಚಿತ್ರಗಳನ್ನು ಬರೆದುಕೊಂಡರು. ಅಂದು ಮೈಸೂರು ಸಂಸ್ಥಾನವು ಕಮಿಷನರುಗಳ ಆಡಳಿತದಲ್ಲಿದ್ದಿತು. ಇಂದು ಮನೆಯ ಮೇಲೆ ಮನೆಗಳು ಎದ್ದಿರುವ ನಮ್ಮ ಜರಗನಹಳ್ಳಿಯು ಆಗ ಪಟ್ಟಣದಿಂದ ದೂರದ ಒಂದು ಹಳ್ಳಿ. ಈ ಪ್ರವಾಸದಲ್ಲಿಯೇ ಒಂದೆಡೆ ಇಂಗ್ಲಿಷ್ ಬಾಲಿಕೆಯೊಬ್ಬಳಿಗೆ ಗೂಬೆ ಬೆಕ್ಕುಗಳ ಪದ್ಯವು ಗೊತ್ತಿದ್ದುದನ್ನೂ, ಅದನ್ನು ಅವಳ ಶಾಲೆಯಲ್ಲಿಯೇ ಕಲಿಸಿದ್ದರೆಂಬುದನ್ನೂ ಕೇಳಿ ಇವರು ಆನಂದಪಟ್ಟರು. ದೊಡ್ಡ ದೊಡ್ಡ ಚಿತ್ರಗಳಿಂದ ಬಾರದ ಕೀರ್ತಿಯು ರೋಗದ ಮಗುವಿಗೆ ಬರೆದ ಹಾಡಿನಿಂದ ಇವರಿಗಿಂತ ಮುಂಚೆಯೇ ಕಡಲು ದಾಟಿ ಬಂದಿದ್ದಿತು.

ಕಡೆಯ ವರ್ಷಗಳನ್ನು ಇವರು ಇಟಲಿಯ ಸಾನ್ ರೆಮೊ ಎಂಬ ಕಡಲತೀರದ ಊರಿನಲ್ಲಿ ಕಳೆದರು. ಅಲ್ಲಿ ಇವರ ಮನೆಯಲ್ಲಿ ಫಾಸ್ ಎಂಬ ಬೆಕ್ಕಿದ್ದಿತು. ಮೈಮೇಲೆ ಪಟ್ಟೆಗಳಿದ್ದ ಆ ದಪ್ಪ ಬೆಕ್ಕಿಗೆ ಬಾಲವು ಅರ್ಧವೇ ಇದ್ದಿತು. ಬಾಲವನ್ನು ಕತ್ತರಿಸಿದ ಬೆಕ್ಕು ಮನೆ ಬಿಟ್ಟು ಹೋಗದೆಂದು ನಂಬಿದ್ದ ಸೇವಕನೊಬ್ಬನು ಹಾಗೆ ಮಾಡಿದನೆಂದು ಹೇಳುತ್ತಾರೆ. ನೋಡುವುದಕ್ಕೆ ಚೆಲುವಲ್ಲದ ಈ ಪ್ರಾಣಿಯನ್ನು ಇವರು ತಮ್ಮ ಪತ್ರಗಳಲ್ಲಿ ಮತ್ತೆ ಮತ್ತೆ ಬರೆದರು. ರಾಜಮನೆತನಗಳ ಲಾಂಛನಗಳಲ್ಲಿ ಸಿಂಹವು ನಿಲ್ಲುವ, ಮಲಗುವ, ನಡೆಯುವ ಭಂಗಿಗಳಲ್ಲೆಲ್ಲ ಫಾಸನ್ನೇ ನಿಲ್ಲಿಸಿ ಚಿತ್ರಗಳ ಒಂದು ಮಾಲೆಯನ್ನೇ ಮಾಡಿದರು. ಮನೆಯ ಮುಂದೆ ದೊಡ್ಡ ಹೋಟೆಲೊಂದು ಎದ್ದು ಬೆಳಕು ಮರೆಯಾದಾಗ, ಬೇರೊಂದು ಮನೆಯನ್ನು ಹಳೆಯದರ ಮಾದರಿಯಲ್ಲಿಯೇ ಕಟ್ಟಿಸಿದರು. ಬೆಕ್ಕಿಗೆ ದಿಕ್ಕು ತಪ್ಪಬಾರದೆಂಬುದೇ ಅದರ ಕಾರಣವೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ.

ಜಾರ್ಜಿಯೋ 1883ರಲ್ಲಿ ಮೃತನಾದನು. 1887ರಲ್ಲಿ ಫಾಸ್ ಸಹ ಸತ್ತಿತು. ಅದನ್ನು ತೋಟದಲ್ಲಿಯೇ ಹೂಳಿಸಿ, ಮೇಲೆ ಕಲ್ಲೊಂದನ್ನು ನಿಲ್ಲಿಸಿದರು. ಕೆಲವೇ ತಿಂಗಳುಗಳಲ್ಲಿ, 1888ನೆಯ ಇಸವಿ ಜನವರಿ 29ರಂದು, ಲಿಯರ್ ಮಹಾಶಯರೂ ಸಾನ್ ರೆಮೊವಿನಲ್ಲಿ ದೈವಾಧೀನರಾದರು. ಆಗ ಇವರ ವಯಸ್ಸು ಎಪ್ಪತ್ತೈದು.

ಇವರು ತೆರೆದ ದಾರಿಯಲ್ಲಿ ಮುಂದೆ ಅನೇಕರು ನಡೆದರು. ಗಂಭೀರ ಕವಿಯೆಂದು ಪ್ರಖ್ಯಾತರಾದ ಟಿ. ಎಸ್. ಎಲಿಯಟ್ಟರು 1939ರಲ್ಲಿ ಬೆಕ್ಕುಗಳನ್ನೇ ಕುರಿತು ಪ್ರಾಸಬದ್ಧವಾದ ಪುಸ್ತಕವನ್ನು ಪ್ರಕಟಿಸಿದರು. 1981ರಲ್ಲಿ ಅದು ಲಂಡನ್ನಿನಲ್ಲಿ ಸಂಗೀತನಾಟಕವಾಗಿ ದೊಡ್ಡವರನ್ನೂ ರಂಜಿಸಿತು. ನಮ್ಮ ಕನ್ನಡನಾಡಿನ ಸುಕೃತವನ್ನೂ ಇಲ್ಲಿ ನೆನೆಯಬೇಕು. ಲಿಯರ್ ಮಹಾಶಯರು ಬೆಂಗಳೂರಿಗೆ ಬಂದ 1874ರಲ್ಲಿಯೇ, ಫೆಬ್ರವರಿ 22ರಂದು, ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದರು. ಉಪಾಧ್ಯಾಯರಾಗಿಯೂ ಶಾಲೆಗಳ ತನಿಖಾಧಿಕಾರಿಗಳಾಗಿಯೂ ಇದ್ದು, ಕವಿಶಿಷ್ಯರೆಂಬ ಹೆಸರಿನಿಂದ ಹಾವು, ಗಾಳಿಗಳನ್ನು ಕುರಿತು ಅವರು ಕಟ್ಟಿದ ಹಾಡುಗಳನ್ನು ಕಲಿಯದ ಕನ್ನಡದ ಮಕ್ಕಳು ವಿರಳ. ಅವರ ತರುವಾಯ ಜಿ. ಪಿ. ರಾಜರತ್ನಂ ಅವರ ತುತ್ತೂರಿಯೂ ಅದೇ ಕೆಲಸವನ್ನು ಮುಂದುವರಿಸಿತು. ಇವರೆಲ್ಲರೂ ವಿದ್ವಾಂಸರು, ಆದರೂ ಮಗುವಿನ ಮಟ್ಟಕ್ಕೆ ಬಗ್ಗಿ ಕೂರುವುದನ್ನು ಕೀಳೆಂದು ಎಣಿಸಲಿಲ್ಲ.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಜ್ಜಿಯರು. ಮನೆಯ ಮಗುವು ಬೆಕ್ಕಿನ ಚಿತ್ರವಿರುವ ಪುಸ್ತಕವನ್ನು ಹಿಡಿದು ನಿಮ್ಮ ಬಳಿಗೆ ಬಂದಾಗ, ಕೆಲಸದ ನೆವವನ್ನು ಹೇಳಿ ಕಳುಹಿಸದೆ, ಹತ್ತು ನಿಮಿಷ ಮಡಿಲಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿರಿ. ಮಾತಿನ ಲಯವು ಮಗುವಿನ ಕಿವಿಗೆ ಹತ್ತುವುದು ಹೀಗೆಯೇ. ಓದಿನ ರುಚಿಯೂ ಹೀಗೆಯೇ ಹತ್ತುವುದು. ಇನ್ನೂರು ವರ್ಷಗಳ ಹಿಂದೆ ಒಬ್ಬ ಅಕ್ಕನು ರೋಗಿಯಾದ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಕ್ಕಿ, ಹೂಗಳನ್ನು ಬರೆಯಲು ಕಲಿಸದೆ ಇದ್ದಿದ್ದರೆ, ಆ ಗೂಬೆಯೂ ಬೆಕ್ಕೂ ಇಂದಿಗೂ ದಡದಲ್ಲಿಯೇ ದೋಣಿಯಿಲ್ಲದೆ ನಿಂತಿರುತ್ತಿದ್ದವು.